ಕೂಲಿಯ ಕತ್ತಿ, ವತನದ ಹಲಗಿ

ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರವನ್ನು ಕುರೊಸಾವಾನ ಋಣದ ಲೆಕ್ಕದಲ್ಲಿ ನೋಡುವುದು ನಮ್ಮ ವಿಮರ್ಶೆಗೆ ರೂಢಿಯಾಗಿಬಿಟ್ಟಿದೆ. ಋಣ ಇದೆ, ಇಲ್ಲವೆನ್ನುವುದಿಲ್ಲ. ‘ಯೋಜಿಂಬೊ’ (1961) ಚಿತ್ರದಲ್ಲಿ ಎರಡು ಬಣಗಳ ನಡುವೆ ಬಂದು ನಿಲ್ಲುವ ಒಡೆಯನಿಲ್ಲದ ಸಮುರಾಯಿಗೂ, ಇಲ್ಲಿ ಅಣ್ಣತಮ್ಮಂದಿರ ಹಗೆಯ ನಡುವೆ ಕತ್ತಿ ಮಾರಲು ಬರುವ ಗಂಡುಗಲಿಗೂ ನಂಟು ಇರೋದು ಯಾರಿಗಾದರೂ ಕಾಣ್ತದೆ. ಆದರೆ ಜಪಾನಿನ ಸಾಲ ತೀರಿಸಿದ ಮೇಲೂ ಈ ನೆಲದ ಬಾಕಿ ಉಳಿಯುತ್ತದೆ. ನನಗೆ ಬೇಕಾದದ್ದು ಆ ಬಾಕಿಯ ಲೆಕ್ಕ.

ಮೊದಲು ಚಿತ್ರದ ಕಸುವು. ದೊಡ್ಡ ಬಂಡವಾಳದ ಸಿನಿಮಾ ಇದಲ್ಲವೆಂಬುದು ತೆರೆಯ ಮೇಲೆಯೇ ಗೊತ್ತಾಗುತ್ತದೆ. ಸಾವಿರಾರು ಜನರ ದಂಡಿಲ್ಲ, ಅರಮನೆಯ ಝಗಝಗವಿಲ್ಲ. ಹೊಯ್ಸಳರ ಕಾಲದ ಇಬ್ಬರು ಸಣ್ಣ ನಾಯಕರು, ಮಾರನಾಯಕ ಮತ್ತು ಕಪರ್ದಿ. ಅವರಿಬ್ಬರ ಕೈಯಲ್ಲಿ ಬೆರಳೆಣಿಕೆಯ ಆಳುಗಳು. ಈ ಬಡತನವೇ ಚಿತ್ರಕ್ಕೆ ವರವಾಗಿದೆ. ಯುದ್ಧ ಅಂದರೆ ಇಲ್ಲಿ ಮೈ ದುಡಿತ. ಎ.ಕೆ. ಬೀರ್ ಅವರ ಕ್ಯಾಮೆರಾ ಹೊಡೆದಾಟವನ್ನು ಹಾರಾಟವಾಗಿಸದೆ ನೆಲದ ಮೇಲೆಯೇ ನಿಲ್ಲಿಸುತ್ತದೆ. ಶಂಕರನಾಗ್ ಅವರಿಗೆ ಈ ಪಾತ್ರಕ್ಕಾಗಿ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೂ ನನ್ನ ಕಣ್ಣಿಗೆ ಹೆಚ್ಚು ಸತ್ಯವಾಗಿ ಕಾಣುವವನು ಸುಂದರಕೃಷ್ಣ ಅರಸರ ಪೆರ್ಮಾಡಿ. ಒಡೆಯನಿಗಾಗಿ ಮೈ ಸವೆಸಿದ ವಯಸ್ಸಾದ ದಳಪತಿ ಆತ. ಆ ದನಿಯಲ್ಲಿ ದಣಿವೂ ಇದೆ, ಸೆಡವೂ ಇದೆ.

‘ಮಯೂರ’ (1975) ನೋಡಿ ಬೆಳೆದ ಪ್ರೇಕ್ಷಕನಿಗೆ ಇದು ಬೇರೆಯೇ ಲೋಕ. ಇಲ್ಲಿ ಕತ್ತಿ ನಾಡಿನ ಅಭಿಮಾನಕ್ಕಾಗಿ ಎದ್ದದ್ದಲ್ಲ, ಕೂಲಿಗಾಗಿ ಎದ್ದದ್ದು. ಒಡೆಯರು ಕೈಬಿಟ್ಟಾಗ ಇಬ್ಬರು ಎದುರಾಳಿ ಯೋಧರು ತಾವು ಒಂದೇ ಜಾತಿಯ ದುಡಿಮೆಗಾರರೆಂದು ಗುರುತಿಸಿಕೊಂಡು ಒಂದಾಗುತ್ತಾರೆ. ಕನ್ನಡದ ಚಾರಿತ್ರಿಕ ಚಿತ್ರವೊಂದು ಇಷ್ಟು ಹೇಳಿದ್ದೇ ಸಣ್ಣ ಮಾತಲ್ಲ.

ಆದರೆ ‘ಒಂದೇ ಜಾತಿ’ ಅಂದೆನಲ್ಲ, ತೊಡಕು ಇರುವುದು ಅಲ್ಲೇ. ಹಮ್ಮಿಗಿಯ ನಮ್ಮ ಕೇರಿಯಲ್ಲಿ ಹಲಗಿ ಬಡಿಯುತ್ತಿದ್ದ ಹಿರಿಯರೊಬ್ಬರಿಗೆ ಈ ಚಿತ್ರ ತೋರಿಸಿದ್ದೆ. ಅವರು ಕೊನೆಯವರೆಗೂ ಸುಮ್ಮನೆ ನೋಡಿ, “ಇಂವಂದು ಚಲೋ ಐತಿ ಬಿಡೊ ತಮ್ಮಾ. ಒಬ್ಬ ಗೌಡ ಬ್ಯಾಡಾದ್ರ ಇನ್ನೊಬ್ಬ ಗೌಡನ ಕಡೆ ಹೊಕ್ಕಾನ. ನಮ್ಮಪ್ಪ ಎಲ್ಲಿಗೆ ಹೋಗಬೇಕಿತ್ತು?” ಅಂದರು. ಪುಟಗಟ್ಟಲೆ ವಿಮರ್ಶೆ ಹೇಳದ್ದನ್ನು ಆ ಮಾತು ಹೇಳಿತು.

ಗಂಡುಗಲಿಗೆ ತನ್ನ ಬಲವನ್ನು ಮಾರುವ ಸ್ವಾತಂತ್ರ್ಯವಿದೆ. ವತನದ ಚಾಕರಿಗೆ ಬಿದ್ದ ಕುಲಕ್ಕೆ ಮಾರುವ ಮಾತೇ ಇಲ್ಲ. ದುಡಿಮೆ ಹುಟ್ಟಿನ ಜೊತೆ ಅಂಟಿಕೊಂಡು ಬರುತ್ತದೆ. ಮುಂಡರಗಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿದ್ದ ಕಾಲದಲ್ಲಿ, 1928ರಲ್ಲಿ, ಅಂಬೇಡ್ಕರ್ ಆ ಪ್ರಾಂತದ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಈ ಅಂಟನ್ನು ಬಿಡಿಸುವುದಕ್ಕೇ. ಕಾರ್ನಾಡರ ಕ್ಯಾಮೆರಾ ಕೂಲಿಯವರೆಗೆ ಬಂದು ನಿಂತುಬಿಡುತ್ತದೆ, ಬಿಟ್ಟಿಯವರೆಗೆ ಇಳಿಯುವುದಿಲ್ಲ.

ಇನ್ನೊಂದು: ಈ ಕತ್ತಿವರಸೆ ಕಲಿಯುವ ಹಕ್ಕು ಯಾರಿಗಿತ್ತು? ಬ್ರಾಹ್ಮಣ ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದರೆ ಕದಂಬ ರಾಜವಂಶ ಹುಟ್ಟುತ್ತದೆ, ತಾಳಗುಂದದಲ್ಲಿ ಶಾಸನವಾಗುತ್ತದೆ. 1857ರಲ್ಲಿ ಹಲಗಲಿಯ ಬೇಡರು ಕೈಯಲ್ಲಿದ್ದ ಹತಾರ ಕೊಡಲಾರೆವೆಂದರೆ ಅದು ದಂಗೆ. ಊರಿಗೆ ಬೆಂಕಿ ಬೀಳುತ್ತದೆ, ನೆನಪನ್ನು ಲಾವಣಿಕಾರರು ಕಾಪಾಡಬೇಕಾಗುತ್ತದೆ. ಕಂಪನಿಯ ಮುಂಬಯಿ ಸೈನ್ಯದಲ್ಲಿ ಕಾದಾಡಿದ ಮಹಾರರಿಗೆ 1890ರ ದಶಕದಲ್ಲಿ ಸೈನ್ಯದ ಬಾಗಿಲು ಮುಚ್ಚಿತು. ‘ವೀರ ಜನಾಂಗ’ಗಳ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅಂಬೇಡ್ಕರರ ತಂದೆ ಅದೇ ಸೈನ್ಯದ ಸುಬೇದಾರರು! ಮಹಾರ್ ರೆಜಿಮೆಂಟ್ ಕಟ್ಟಲು 1941 ಬರಬೇಕಾಯಿತು. ಹಾಗಿರುವಾಗ ಚಿತ್ರದಲ್ಲಿ ವೀರ ವೀರನನ್ನು ಮೆಚ್ಚುವ ಗಳಿಗೆಗಳು ಎಷ್ಟೇ ಚೆಂದವಿದ್ದರೂ ನನಗೆ ಕಸಿವಿಸಿ. ಆ ಮೆಚ್ಚುಗೆಯ ವೃತ್ತದೊಳಗೆ ಬರಲು ಮೊದಲು ಗರಡಿಯ ಹೊಸ್ತಿಲು ದಾಟಬೇಕು. ನಮ್ಮ ಕಡೆ ಕುಸ್ತಿಯ ಕಣಕ್ಕೆ ಹಲಗಿ ಇಲ್ಲದೆ ಕಳೆಯೇ ಬರೋದಿಲ್ಲ. ಪೈಲವಾನನ ತೊಡೆಗೆ ಕಾವು ಏರಿಸುವ ಆ ಸದ್ದು ನಮ್ಮದು, ಪಟಕಾ ಅವರದು.

ಮುಂದೆ ಶಂಕರನಾಗ್ ‘ಕರಾಟೆ ಕಿಂಗ್’ ಆದರು. ಕೇರಿಯ ಹುಡುಗರು ಅವರನ್ನು ತಮ್ಮವನೆಂದುಕೊಂಡದ್ದು ಹುಸಿಯಲ್ಲ. ‘ಆಟೋರಾಜ’ನ (1980) ಚಿತ್ರ ಆಟೋಗಳ ಬೆನ್ನ ಮೇಲೆ ಉಳಿದದ್ದೂ ಸುಮ್ಮನೆ ಅಲ್ಲ. ಆದರೆ ‘ಸಾಂಗ್ಲಿಯಾನ’ದ (1988) ಹೊತ್ತಿಗೆ ಅದೇ ಮೈಗೆ ಖಾಕಿ ಬಂತು. ಥ್ರಿಲ್ಲರ್ ಮಂಜು ಅವರ ‘ಪೊಲೀಸ್ ಸ್ಟೋರಿ’ಯಲ್ಲಿ (1996) ಸಾಯಿಕುಮಾರ್ ಗುಡುಗುವಾಗ ಪೆಟ್ಟು ಪೂರಾ ಪ್ರಭುತ್ವದ್ದೇ ಆಗಿತ್ತು. ಹೊಡೆಯುವ ಕೈಗೆ ಸಂಬಳ ಕೊಡೋರು ಯಾರು ಅನ್ನೋ ಮಾತೇ ಅಲ್ಲಿ ಏಳೋದಿಲ್ಲ. 1978ರ ಚಿತ್ರ ಆ ಮಾತನ್ನು ಎತ್ತಿತ್ತು. ಅದಕ್ಕಾಗಿಯೇ ಅದರೊಡನೆ ಜಗಳಕ್ಕೆ ನಿಂತಿದ್ದೇನೆ. ಖಾಕಿ ಚಿತ್ರಗಳ ಜೊತೆ ನನಗೆ ಜಗಳವಾಡಲೂ ಏನಿಲ್ಲ.