ಭಯಾನಕದ ಆಲಂಬನ: ಭಗ್ನನೌಕೆಯೂ ಕಾರ್ಖಾನೆಯೂ

ಎಸ್. ಎ. ಬಾರ್ನ್ಸ್ ಅವರ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿ 'ಡೆಡ್ ಸೈಲೆನ್ಸ್' (2022). ಇನ್ನೇನು ಕೆಲಸ ಕಳೆದುಕೊಳ್ಳಲಿರುವ ದುರಸ್ತಿ ತಂಡವೊಂದು, ಇಪ್ಪತ್ತು ವರ್ಷಗಳ ಹಿಂದೆ ಕಾಣೆಯಾದ ವಿಲಾಸನೌಕೆಯನ್ನು ವ್ಯೋಮದಲ್ಲಿ ಕಂಡು, ವಾರಸುದಾರರಿಲ್ಲದ ಸೊತ್ತೆಂದು ಒಳಹೊಗುತ್ತದೆ. ನಾಯಕಿ ಕ್ಲೇರ್ ಹೆಣಗಳ ನಡುವೆ ನಡೆಯುವಲ್ಲಿ ರನ್ನನ 'ಗದಾಯುದ್ಧ'ದ ದುರ್ಯೋಧನ ನಮಗೆ ನೆನಪಾಗದಿರನು. ಆದರೆ ಅವನೆದುರು ಬಿದ್ದಿದ್ದವರು ಗುರು, ತಮ್ಮ, ಗೆಳೆಯ. ಇಲ್ಲಿ ಸತ್ತವರು ಅಪರಿಚಿತರು, ಬೆಲೆಯಿರುವುದು ನೌಕೆಗೆ. ಆದ್ದರಿಂದ ಕರುಣಕ್ಕೆ ಎಡೆ ಕಿರಿದಾಗಿ ಭಯಾನಕವೇ ಹಬ್ಬುತ್ತದೆ. ಅದರ ಮೂಲ ಪ್ರೇತವಲ್ಲ, ಕಂಪನಿಯೊಂದು ಅಡಗಿಸಿಟ್ಟ ಯಂತ್ರ. (ಗುಟ್ಟು ಬಯಲಾದ ಮೇಲೆ ಕಥನ ಸಡಿಲಗೊಳ್ಳುತ್ತದೆಂಬುದನ್ನೂ ಹೇಳಬೇಕು.)

ಕಂಪನಿಯೇ ಭಯದ ಆಲಂಬನವಾಗುವುದು ಕನ್ನಡಕ್ಕೆ ಹೊಸತಲ್ಲ. ಸ್ವತಃ ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು 'ಶಿಕಾರಿ'ಯಲ್ಲಿ (1979) ಮುಂಬಯಿಯ ನಾಗಪ್ಪನನ್ನು ಇಂಥದೇ ಬಲೆಯಲ್ಲಿ ಕೆಡವಿದ್ದರು. ಅದಕ್ಕೆ ವ್ಯೋಮನೌಕೆ ಬೇಕಾಗಲಿಲ್ಲ. ಆದರೆ ನಾಗಪ್ಪ ಅಧಿಕಾರಿ, ಕ್ಲೇರಳ ಸಂಗಡಿಗರು ದುಡಿಮೆಗಾರರು. ಈ ವ್ಯತ್ಯಾಸ ಸಣ್ಣದಲ್ಲ. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರಲ್ಲೂ 2024ರಲ್ಲೂ ಭೀಕರ ಸ್ಫೋಟಗಳಾದವು. ಆ ಊರಲ್ಲಿಯೂ ಠಾಣೆ, ಕಲ್ಯಾಣ, ನವಿಮುಂಬಯಿಗಳಲ್ಲಿಯೂ ತಲೆಮಾರುಗಳಿಂದ ಕನ್ನಡಿಗರಿದ್ದಾರೆ. ರಾತ್ರಿಪಾಳಿಗೆ ಹೊರಟವನ ಅಳುಕನ್ನು ವಸ್ತುವಾಗಿಸಿಕೊಂಡ ಕನ್ನಡ ವಿಜ್ಞಾನಕಾದಂಬರಿಯನ್ನು, ನಮ್ಮ ಓದಿನ ಮಟ್ಟಿಗೆ, ಇನ್ನೂ ಕಾಣೆವು.