ಛಾವಣಿಗೆ ಕಿಂಡಿ ಕೊರೆದವನು

ಕುಂದಾಪುರದ ಕೋಡಿಯ ಮರಳಿನ ಮೇಲೆ ಎಳೆದಿಟ್ಟ ದೋಣಿ ಪಕ್ಕದಿಂದ ನೋಡಿದರೆ ಉದ್ದಕ್ಕೆ ಉದ್ದ. ಮೂತಿಗೆ ಎದುರಾಗಿ ಕೂತು ನೋಡಿ, ಅಷ್ಟೂ ದೋಣಿ ಒಂದು ಮಾರಿನೊಳಗೆ ಅಡಗಿಬಿಡುತ್ತದೆ. ಕಣ್ಣಿಗೆ ಇದು ದಿನನಿತ್ಯದ ಸಂಗತಿ, ಕುಂಚಕ್ಕೆ ಮಾತ್ರ ಸುಲಭದಲ್ಲಿ ದಕ್ಕುವುದಲ್ಲ. ಪುನರುಜ್ಜೀವನ ಕಾಲದ ಇಟಲಿಯಲ್ಲಿ ಇದರ ಹಿಂದೆ ಬಿದ್ದ ಚಿತ್ರಕಾರ ಆಂದ್ರೆಯಾ ಮಾಂತೆನ್ಯಾ. 1506ರಲ್ಲಿ ತೀರಿಕೊಂಡ.

ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿ ಅವನ ‘ಮೃತ ಕ್ರಿಸ್ತ’ ಇದೆ. ಹಾಸುಗಲ್ಲಿನ ಮೇಲೆ ಅಂಗಾತ ಮಲಗಿಸಿದ ದೇಹ. ಮೊಳೆ ಹೊಕ್ಕ ಅಂಗಾಲು ನಮ್ಮ ಕಡೆಗೆ. ದೂರದ್ದು ಕಿರಿದಾಗುವ ಲೆಕ್ಕದ ಪ್ರಕಾರ ಹತ್ತಿರದ ಪಾದ ಭಾರೀ ದೊಡ್ಡದಾಗಿ, ದೂರದ ಮುಖ ಪುಟ್ಟದಾಗಿ ಕಾಣಬೇಕಿತ್ತು. ಮಾಂತೆನ್ಯಾ ಪಾದವನ್ನು ಕಿರಿದಾಗಿಸಿದ. ಇಲ್ಲದಿದ್ದರೆ ಆ ಮುಖವನ್ನು ಯಾರು ನೋಡುತ್ತಿದ್ದರು? ಲೆಕ್ಕ ಬಲ್ಲವರು ಆಗ ಬಹಳ ಮಂದಿ ಇದ್ದರು. ಬಲ್ಲವನೇ ಅದನ್ನು ಮುರಿದನಲ್ಲ, ನನ್ನ ಮಟ್ಟಿಗೆ ಅವನ ದೊಡ್ಡಸ್ತಿಕೆ ಅದು.

ಮಾಂತುವಾದ ದೊರೆ ಲುದೊವಿಕೊ ಗೊನ್ಜಾಗಾನ ಅರಮನೆಯಲ್ಲಿ ಅವನು 1465ರಿಂದ 1474ರವರೆಗೆ ಚಿತ್ರಿಸಿದ ಕೋಣೆಯಂತೂ ಶುದ್ಧ ತುಂಟತನ. ಛಾವಣಿಯ ನಡುವೆ ದುಂಡನೆಯ ಕಿಂಡಿ, ಅದರಾಚೆ ಮೋಡ. ಕಟ್ಟೆಗೆ ಒರಗಿದ ಹೆಂಗಸರು ನಮ್ಮನ್ನೇ ಬಗ್ಗಿ ನೋಡುತ್ತ ಮುಸಿಮುಸಿ ನಗುತ್ತಾರೆ. ಒಂದು ನವಿಲು. ರೆಕ್ಕೆಯ ಮಕ್ಕಳ ಪಾದ, ತೊಡೆ, ಹೊಟ್ಟೆ ಎಲ್ಲ ಕೆಳಗಿನಿಂದ ಕಂಡ ಹಾಗೆಯೇ. ಗಿಡ ನೆಟ್ಟ ತೊಟ್ಟಿಗೆ ಒಂದು ಕೋಲೇ ಆಧಾರ. ಜಾರಿದರೆ ನೇರ ನಮ್ಮ ತಲೆಗೆ! ಎಲ್ಲವೂ ಗಾರೆಯ ಮೇಲಿನ ಬಣ್ಣ, ಅಷ್ಟೆ. ಮುಂದೆ ಪಾರ್ಮಾದ ಗುಮ್ಮಟಗಳಲ್ಲಿ ಚಿತ್ರಕಾರ ಕೊರೆಜ್ಜೊ ಈ ಆಟವನ್ನು ಇನ್ನೂ ಎತ್ತರಕ್ಕೆ ಒಯ್ದ.

ಅದೇ ಗೊನ್ಜಾಗಾ ವಂಶದಲ್ಲಿ 1568ರಲ್ಲಿ ಹುಟ್ಟಿದವರು ಸಂತ ಅಲೋಶಿಯಸ್. ದೊರೆತನದ ಹಕ್ಕು ಬಿಟ್ಟು ಯೇಸುಸಭೆ ಸೇರಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಶುಶ್ರೂಷೆಗೆ ನಿಂತು 23ರ ಹರೆಯದಲ್ಲಿ ತೀರಿಕೊಂಡರು. ಮಂಗಳೂರಿನ ಬಾವುಟಗುಡ್ಡೆಯ ಚಾಪೆಲ್ ಅವರ ಹೆಸರಿನದ್ದು. ಅದರ ಒಳಗನ್ನು 1899ರಿಂದ ಚಿತ್ರಿಸಿದವರು ಇಟಲಿಯ ಅಂತೋನಿಯೊ ಮೊಸ್ಕೇನಿ. ಗೋಡೆಗೆ ಹಸಿಗಾರೆಯ ಚಿತ್ರ, ಛಾವಣಿಗೆ ಕ್ಯಾನ್ವಾಸಿನ ತೈಲಚಿತ್ರ. ಹಸಿಗಾರೆಯೆಂದರೆ ಒಣಗುವ ಮೊದಲೇ ಅಂದಿನ ಪಾಲು ಮುಗಿಯಬೇಕು. ಮನಸ್ಸು ಬದಲಾಯಿಸಿದರೆ ಕೆತ್ತಿ ತೆಗೆದು ಹೊಸ ಗಾರೆ ಬಳಿಯಬೇಕು. ಮೊಸ್ಕೇನಿಯವರಿಗೆ ನೋಡುವವರನ್ನು ಬೆಚ್ಚಿಬೀಳಿಸುವ ಚಪಲವಿಲ್ಲ, ಸಂತರ ಕತೆ ಹೇಳಿದರೆ ಸಾಕು. ಮಾಂತೆನ್ಯಾನ ಕುಚೋದ್ಯ ಇಷ್ಟಪಡುವ ನನಗೆ ಅದು ಕೊಂಚ ಸಾಧುವೆನಿಸುತ್ತದೆ.

ಆದರೂ ಆಸ್ಪತ್ರೆ ಕೆಲಸಕ್ಕೆಂದು ಮಂಗಳೂರಿಗೆ ಹೋಗುವ ಕುಂದಾಪುರದವರು ಒಮ್ಮೆ ಒಳಹೊಕ್ಕು, ನಡುವಿನ ಬೆಂಚಿನಲ್ಲಿ ಕೂತು ಕತ್ತೆತ್ತಿ ನೋಡಿ. ಛಾವಣಿಯ ನಡುಸಾಲಿನಲ್ಲಿರುವುದು ಅಲೋಶಿಯಸರ ಬದುಕು.