ಗಾಳಿ ಎಲ್ಲಿ ಹೋಯಿತು ಎಂದು ಕೇಳದ ರಿಪೇರಿ

ಸಂಕೇಶ್ವರ, ನಿಡಸೋಸಿ, ಹುಕ್ಕೇರಿ ಭಾಗದ ಗ್ಯಾರೇಜುಗಳಲ್ಲಿ ಕಬ್ಬಿನ ಟ್ರ್ಯಾಕ್ಟರು, ಟ್ರಕ್ಕುಗಳ ನಡುವೆ ಈಗ ಆಗೊಮ್ಮೆ ಈಗೊಮ್ಮೆ ಒಂದು ದೊಡ್ಡ ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು ಕಾಣಿಸುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಹಲವು ವರ್ಷ ಓಡಿ, ಬೆಲೆ ಇಳಿದ ಮೇಲೆ ಇತ್ತ ಬಂದ ಗಾಡಿ. ರಾತ್ರಿ ಸರಿಯಾಗಿ ನಿಂತಿದ್ದದ್ದು ಬೆಳಗಾಗುವಷ್ಟರಲ್ಲಿ ಒಂದು ಗಾಲಿಯ ಕಡೆ ನೆಲಕ್ಕೆ ಕೂತಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿರುತ್ತದೆ. ಬಾನೆಟ್ ಎತ್ತುವ ಮೊದಲೇ ತೀರ್ಪು ಬರುತ್ತದೆ: "ಕಾಂಪ್ರೆಸರ್ ಹೋಗೇತ್ರಿ ಸಾಹೇಬ್ರ, ಹೊಸಾದು ಹಾಕೂಣು."

ಈ ತೀರ್ಪು ನಮ್ಮ ಕಡೆಯ ಚಿಕ್ಕ ಗ್ಯಾರೇಜಿನದು ಮಾತ್ರವೆಂದು ತಿಳಿಯಬೇಕಿಲ್ಲ. ದೊಡ್ಡ ಊರುಗಳ ಹವಾನಿಯಂತ್ರಿತ ವರ್ಕ್‌ಶಾಪುಗಳಲ್ಲೂ ಇದನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಎಸ್ಟಿಮೇಟಿನ ರೂಪದಲ್ಲಿ ಕೊಡುತ್ತಾರೆ. ಗಾಳಿ ಸಸ್ಪೆನ್ಶನ್ನಿನ ರಿಪೇರಿ ಇಂದು ನಡೆಯುತ್ತಿರುವ ರೀತಿಯ ಮೇಲೆ ನನ್ನ ಮುಖ್ಯ ತಕರಾರು ಇದೇ. ಕೂಗಿಕೊಂಡ ಭಾಗವನ್ನು ಬದಲಿಸುತ್ತಾರೆ, ಅದು ಕೂಗಿದ್ದು ಯಾಕೆಂದು ನೋಡುವುದಿಲ್ಲ.

ಗಾಳಿ ಸಸ್ಪೆನ್ಶನ್ನಿನಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರಿನ ಚೀಲ ಇರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಅದಕ್ಕೆ ಬೆಲ್ಲೊ ಅಂತಲೋ ಬಲೂನ್ ಅಂತಲೋ ಹೇಳುತ್ತಾರೆ. ಒಂದು ಪುಟ್ಟ ವಿದ್ಯುತ್ ಕಾಂಪ್ರೆಸರ್ ಗಾಳಿ ಒತ್ತುತ್ತದೆ. ಆ ಗಾಳಿ ಡ್ರೈಯರ್ ದಾಟಿ ವಾಲ್ವ್ ಬ್ಲಾಕಿಗೆ ಬಂದು, ಅಲ್ಲಿಂದ ಸಣ್ಣ ಪೈಪುಗಳಲ್ಲಿ ಒಂದೊಂದು ಗಾಲಿಗೆ ಹೋಗುತ್ತದೆ. ಗಾಡಿಯ ಎತ್ತರವನ್ನು ಸೆನ್ಸರ್‌ಗಳು ಅಳೆಯುತ್ತವೆ, ಕಂಟ್ರೋಲ್ ಯೂನಿಟ್ ಆಜ್ಞೆ ಕೊಡುತ್ತದೆ. ಕಾಂಪ್ರೆಸರ್ ಇರುವುದು ನಡುನಡುವೆ ಸ್ವಲ್ಪ ಹೊತ್ತು ಓಡಿ ನಿಲ್ಲಲಿಕ್ಕೆ. ಎಲ್ಲೋ ಒಂದು ಕಡೆ ಗಾಳಿ ಸೋರುತ್ತಿದ್ದರೆ ಅದು ಮೇಲಿಂದ ಮೇಲೆ ಓಡುತ್ತದೆ, ಕಾಯುತ್ತದೆ, ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ. ಕಾಂಪ್ರೆಸರಿಗೆ ವಿದ್ಯುತ್ ಕೊಡುವ ರಿಲೇಯ ಸಂಪರ್ಕಬಿಂದುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡರಂತೂ ಕೀಲಿ ತೆಗೆದ ಮೇಲೂ ಅದು ಓಡುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುವವರೆಗೆ ಇಲ್ಲವೇ ತಾನೇ ಸುಡುವವರೆಗೆ. ಹಾಗೆ ಸತ್ತ ಕಾಂಪ್ರೆಸರಿನ ಜಾಗದಲ್ಲಿ ಹೊಸದನ್ನು ಕೂರಿಸಿ ಸೋರಿಕೆಯನ್ನು ಹಾಗೇ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಗಿರಾಕಿ ಕೆಲವು ತಿಂಗಳ ನಂತರ ಮತ್ತೆ ಬರುತ್ತಾನೆ, ಈ ಸಲ ಸಿಟ್ಟಿನಿಂದ.

ಸೋರಿಕೆ ಹುಡುಕಲು ಬೇಕಾದದ್ದು ಅಗ್ಗದ ಸಾಮಾನು: ಒಂದು ಅಳತೆ ಟೇಪು, ಸೋಪಿನ ನೀರು, ಒಂದು ಬ್ರಷ್ಷು, ಒಂದು ರಾತ್ರಿಯ ತಾಳ್ಮೆ. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಪ್ರತಿ ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಟ್ಟು, ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಬೇಕು. ಮೊದಲೇ ಯಾಕೆಂದರೆ ಅನೇಕ ಗಾಡಿಗಳಲ್ಲಿ ಬಾಗಿಲು ತೆರೆದ ಕೂಡಲೇ ಕಂಟ್ರೋಲ್ ಯೂನಿಟ್ ಎಚ್ಚರಗೊಂಡು ಎತ್ತರ ಸರಿಮಾಡಲು ಶುರುಮಾಡುತ್ತದೆ, ರಾತ್ರಿಯ ಸಾಕ್ಷ್ಯ ಅಳಿಸಿಹೋಗುತ್ತದೆ. ನಾಲ್ಕೂ ಕಡೆ ಸಮನಾಗಿ ಕೆಲವು ಮಿಲಿಮೀಟರ್ ಇಳಿದಿದ್ದರೆ ಅದು ರೋಗವಲ್ಲ. ಹಗಲು 35 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 15ಕ್ಕೆ ಇಳಿದರೆ ಚೀಲದೊಳಗಿನ ಗಾಳಿ ಶೇ. 6ರಷ್ಟು ಕುಗ್ಗುತ್ತದೆ, ಅಷ್ಟೆ. ಒಂದೇ ಮೂಲೆ ಇಳಿದಿದ್ದರೆ ಆ ಮೂಲೆಯ ಬೆಲ್ಲೊ, ಪೈಪು, ಅದರ ಜೋಡಣೆ ಅಥವಾ ವಾಲ್ವ್ ಬ್ಲಾಕಿನಲ್ಲಿ ಅದಕ್ಕೆ ಸೇರಿದ ವಾಲ್ವ್, ಇವುಗಳಲ್ಲೊಂದು. ಒಂದು ಅಳತೆಯಿಂದ ಹುಡುಕಾಟದ ಮುಕ್ಕಾಲು ಭಾಗ ಮುಗಿಯುತ್ತದೆ. ಇಷ್ಟಾದರೂ ಇದನ್ನು ಮಾಡುವವರು ವಿರಳ, ಏಕೆಂದರೆ ಗಾಡಿಯನ್ನು ಒಂದು ರಾತ್ರಿ ಸುಮ್ಮನೆ ನಿಲ್ಲಿಸಿದ್ದಕ್ಕೆ ಬಿಲ್ ಹಾಕುವ ರೂಢಿ ನಮ್ಮಲ್ಲಿಲ್ಲ. ಹಾಕಬೇಕು. ಅದೂ ಕೆಲಸವೇ.

ಸೋಪಿನ ನೀರು ಹಚ್ಚುವುದರಲ್ಲೂ ರೀತಿಯಿದೆ. ಗಾಡಿ ಕೂತಿರುವಾಗ ಹಚ್ಚಿ "ಗುಳ್ಳಿ ಬರಲಿಲ್ಲ, ಬೆಲ್ಲೊ ಚಲೋ ಐತಿ" ಎನ್ನುವವರಿದ್ದಾರೆ. ಬೆಲ್ಲೊ ಸಾಮಾನ್ಯವಾಗಿ ಸೀಳುವುದು ತನ್ನ ಮಡಿಕೆಯಲ್ಲಿ. ಗಾಡಿ ತಗ್ಗಿದಾಗ ಆ ಮಡಿಕೆ ಒಳಗೆ ಅಡಗಿರುತ್ತದೆ, ಗಾಡಿಯನ್ನು ಪೂರ್ತಿ ಮೇಲೆತ್ತಿದಾಗಷ್ಟೇ ಬಿಚ್ಚಿಕೊಳ್ಳುತ್ತದೆ. ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಮಡಿಕೆಯ ಸುತ್ತ ಬ್ರಷ್ಷಿನಿಂದ ನಿಧಾನವಾಗಿ ಹಚ್ಚಿ ಕಾಯಬೇಕು. ಸಣ್ಣ ಬಿರುಕಿನಿಂದ ಗುಳ್ಳೆ ಒಮ್ಮೆಲೇ ಎದ್ದು ಬರುವುದಿಲ್ಲ. ಮೊದಲು ಒಂದು ಬಿಳಿ ಗೆರೆ ಮೂಡುತ್ತದೆ, ಆಮೇಲೆ ಅದು ನೊರೆಯಾಗಿ ದಪ್ಪಗಾಗುತ್ತದೆ. ಪೈಪಿನ ಜೋಡಣೆಗಳನ್ನೂ ಹೀಗೇ ನೋಡಬೇಕು. ಹಿಂದೆ ಯಾರೋ ಹ್ಯಾಕ್ಸಾದಿಂದ ಓರೆಯಾಗಿ ಕತ್ತರಿಸಿ ಸಿಕ್ಕಿಸಿದ ಪೈಪಿನ ತುದಿ ಎಷ್ಟೋ ಸಲ ಇಡೀ ರಗಳೆಯ ಮೂಲವಾಗಿರುತ್ತದೆ. ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಹೊಸ ರಿಂಗ್ ಹಾಕಿ ಕೂರಿಸಿದರೆ ತೀರಿತು. ಕಬ್ಬಿನ ಸೀಮೆಯಲ್ಲಿ ಇಲಿಗಳಿಗೂ ಬರವಿಲ್ಲ. ಹೊಲದ ಮನೆಯ ಮುಂದೆ ನಿಲ್ಲುವ ಗಾಡಿಯ ಪೈಪುಗಳ ಮೇಲೆ ಹಲ್ಲಿನ ಗುರುತು ಹುಡುಕುವುದು ಒಳ್ಳೆಯದು.

ಗುಳ್ಳೆ ಎಲ್ಲೂ ಬರಲಿಲ್ಲ, ಗಾಡಿ ಮಾತ್ರ ಇಳಿಯುತ್ತಿದೆ ಎಂದಾಗ ವಾಲ್ವ್ ಬ್ಲಾಕಿನ ಮೇಲೆ ಅನುಮಾನ ಬರಬೇಕು. ಸ್ಟ್ಯಾಂಡಿನ ಮೇಲಿರುವ ಗಾಡಿಯ ಒತ್ತಡ ಬಿಟ್ಟು, ಆ ಮೂಲೆಯ ಪೈಪನ್ನು ಬ್ಲಾಕಿನಿಂದ ಬಿಚ್ಚಿ, ಗೇಜು ಮತ್ತು ಕಾಕ್ ಇರುವ ಅಡಾಪ್ಟರ್ ಜೋಡಿಸಿ ಹೊರಗಿನಿಂದ ಗಾಳಿ ತುಂಬಿ ಮುಚ್ಚಿಬಿಡುವುದು. ಮುಳ್ಳು ಇಳಿಯದಿದ್ದರೆ ಬೆಲ್ಲೊ, ಪೈಪು ನಿರಪರಾಧಿಗಳು. ಬ್ಲಾಕಿನ ವಾಲ್ವ್ ಕೆಡುವುದು ಹೆಚ್ಚಾಗಿ ತೇವದಿಂದ. ಡ್ರೈಯರಿನ ಒಳಗಿನ ಹರಳುಗಳು ತೇವ ಹೀರಿ ಹೀರಿ ದಣಿದ ಮೇಲೆ ಒದ್ದೆ ಗಾಳಿ ನೇರ ಒಳಗೆ ಹೋಗುತ್ತದೆ. ನಮ್ಮ ಕಡೆ ಇದು ಮುಖ್ಯ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಾಟಿನ ಮೂಲಕ ಕೊಂಕಣಕ್ಕೆ ಇಳಿಯುವ ರಸ್ತೆಯಲ್ಲಿ ಮಳೆಗಾಲದ ಗಾಳಿಯೇ ನೀರಿನಂತಿರುತ್ತದೆ. ನಮ್ಮ ಹಿರಣ್ಯಕೇಶಿ ನದಿ ಹುಟ್ಟುವುದೂ ಆ ಆಂಬೋಲಿಯ ಹತ್ತಿರವೇ. ಆ ದಾರಿಯಲ್ಲಿ ಮೇಲಿಂದ ಮೇಲೆ ಓಡುವ ಗಾಡಿಗೆ ಕಾಂಪ್ರೆಸರ್ ಬದಲಿಸಿ ಹಳೆಯ ಡ್ರೈಯರನ್ನೇ ಉಳಿಸುವುದು ತಪ್ಪು. ರಿಲೇಯನ್ನು ಉಳಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ.

ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಬಗ್ಗೆ ಒಂದು ಮಾತು. ಅದನ್ನು ದೂರುವವನು ನಾನಲ್ಲ. ನಾಲ್ಕೂ ಸೆನ್ಸರಿನ ಎತ್ತರವನ್ನು ಅದು ಜೊತೆಜೊತೆಗೆ ತೋರಿಸುತ್ತದೆ, ಒಂದೊಂದು ಮೂಲೆಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸಲು ಬಿಡುತ್ತದೆ, ಸೆನ್ಸರ್ ಬದಲಿಸಿದ ಮೇಲೆ ಎತ್ತರವನ್ನು ಮತ್ತೆ ಕಲಿಸಲು ಅದು ಬೇಕೇ ಬೇಕು. ಆದರೆ ಅದಕ್ಕೆ ಗಾಳಿ ಕಾಣುವುದಿಲ್ಲ. ಇಷ್ಟು ಹೊತ್ತಿನಲ್ಲಿ ಗಾಡಿ ಇಷ್ಟು ಏರಬೇಕಿತ್ತು, ಏರಲಿಲ್ಲ ಎನ್ನುವುದು ಮಾತ್ರ ಅದಕ್ಕೆ ಗೊತ್ತು. ಅದಕ್ಕೇ ಪರದೆಯ ಮೇಲೆ ಕಾಂಪ್ರೆಸರಿನ ಹೆಸರು ಬರುತ್ತದೆ. ಆ ಕೋಡನ್ನು ದೂರು ಎಂದು ಓದಬೇಕು, ತೀರ್ಪೆಂದಲ್ಲ. ಗಾಡಿ ಒಂದು ಕಡೆ ವಾಲಿದೆ, ಗಾಳಿ ಎಲ್ಲೂ ಸೋರುತ್ತಿಲ್ಲ ಎಂದಾದರೆ ಬಗ್ಗಿ ಸೆನ್ಸರಿನ ಸಣ್ಣ ಕಡ್ಡಿಯನ್ನು ನೋಡಿ. ಎರೆಮಣ್ಣಿನ ಕೆಸರು ಗಟ್ಟಿಯಾಗಿ, ಅಥವಾ ಹೊಲದ ದಾರಿಯ ಕಲ್ಲು ತಾಗಿ ಅದು ಮುರಿದಿರುವ ಸಾಧ್ಯತೆ ದೊಡ್ಡದು.

ಇನ್ನು ಮೆಚ್ಚಬೇಕಾದವರ ಮಾತು. ಈ ವಿದ್ಯೆಯಲ್ಲಿ ನಮ್ಮಲ್ಲಿ ಪಳಗಿದ ಕೈಗಳು ಇಲ್ಲವೆಂದಲ್ಲ. ಅವು ಬಸ್ಸುಗಳ ಕಡೆ ಇವೆ. 2001ರಲ್ಲಿ ವೋಲ್ವೊ ಬಿ7ಆರ್ ಬಸ್ಸುಗಳು ಭಾರತಕ್ಕೆ ಬಂದ ಮೇಲೆ ಪೂರ್ತಿ ಗಾಳಿ ಸಸ್ಪೆನ್ಶನ್ನಿನ ಸುಖ ಕರ್ನಾಟಕದ ಸಾಮಾನ್ಯ ಪ್ರಯಾಣಿಕನಿಗೂ ಸಿಕ್ಕಿತು. ಹೊಸಕೋಟೆಯಲ್ಲಿ ಆ ಕಂಪನಿಯ ಕಾರ್ಖಾನೆಯೇ ಇದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಹಿಂದಿನ 4, ಈಗಿನ 48ರಲ್ಲಿ, ರಾತ್ರಿಯಿಡೀ ಸಂಕೇಶ್ವರ ದಾಟುವ ಸ್ಲೀಪರ್ ಬಸ್ಸುಗಳಲ್ಲಿ ಬಹಳಷ್ಟು ಈಗ ಬೆಲ್ಲೊ ಮೇಲೆಯೇ ಓಡುತ್ತವೆ. ಬಸ್ಸಿನಲ್ಲಿ ಎಂಜಿನ್ ನಡೆಸುವ ಕಾಂಪ್ರೆಸರಿನ ಗಾಳಿ ಮೊದಲು ಬ್ರೇಕಿಗೆ, ಅದರ ಟ್ಯಾಂಕುಗಳು ತುಂಬಿದ ಮೇಲೆ ಸಸ್ಪೆನ್ಶನ್ನಿಗೆ. ಹೀಗಾಗಿ ಗಾಳಿ ಸೋರುವುದೆಂದರೆ ಬಸ್ಸಿನ ಫಿಟ್ಟರಿಗೆ ಪ್ರಯಾಣದ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಜೀವದ ಪ್ರಶ್ನೆಯಾಗುತ್ತದೆ. ಆತ ಗೇಜು ಪೂರ್ತಿ ಏರುವವರೆಗೆ ಎಂಜಿನ್ ನಡೆಸಿ, ಬಂದ್ ಮಾಡಿ, ಮುಳ್ಳು ನೋಡುತ್ತ ಬಸ್ಸಿನ ಸುತ್ತ ಕಿವಿಗೊಟ್ಟು ನಡೆಯುತ್ತಾನೆ.

ಬಸ್ಸು ಒಂದು ಕಡೆ ವಾಲಿದ್ದರೆ ಲೆವೆಲಿಂಗ್ ವಾಲ್ವಿನ ಲಿಂಕನ್ನು ಬಿಚ್ಚಿ, ಅದರ ತೋಳನ್ನು ಕೈಯಿಂದ ಆಡಿಸುತ್ತಾನೆ. ಮೇಲೆತ್ತಿದರೆ ಗಾಳಿ ಬೆಲ್ಲೊಗೆ ನುಗ್ಗಬೇಕು, ಕೆಳಗೊತ್ತಿದರೆ ಹೊರಗೆ ಬಿಡಬೇಕು, ನಡುವೆ ಹಿಡಿದರೆ ಎರಡೂ ನಿಲ್ಲಬೇಕು. ನಡುವೆ ಹಿಡಿದಾಗಲೂ ಸುಯ್‌ಗುಟ್ಟಿದರೆ ವಾಲ್ವ್ ಕೆಟ್ಟಿದೆ. ವಾಲ್ವ್ ಸರಿಯಿದ್ದರೆ ಲಿಂಕಿನ ರಬ್ಬರು ಸವೆದಿದೆ ಅಥವಾ ಅದರ ಉದ್ದ ತಪ್ಪಿದೆ. ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯಲ್ಲಿ ಊಹೆಗೆ ಜಾಗವೇ ಇಲ್ಲ. ಕಾರಿನ ಕೆಲಸಕ್ಕೆ ಈ ಫಿಟ್ಟರುಗಳನ್ನು ಯಾರೂ ಕರೆಯುವುದಿಲ್ಲ ಎನ್ನುವುದು ನನಗೆ ಇಂದಿಗೂ ಬೇಸರದ ಸಂಗತಿ.

ಮತ್ತೊಂದು ರೂಢಿ ಎಂದರೆ ಬೆಲ್ಲೊಗಳನ್ನೇ ಕಿತ್ತು ಉಕ್ಕಿನ ಕಾಯಿಲ್ ಸ್ಪ್ರಿಂಗ್ ಹಾಕಿಬಿಡುವುದು. ಇದು ಹೊಸದಲ್ಲ. 1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಎಲ್ಡೊರಾಡೊ ಬ್ರೌಮ್ ಕಾರಿಗೆ ಗಾಳಿ ಸಸ್ಪೆನ್ಶನ್ ಕೊಟ್ಟಿತು. ಎರಡು ವರ್ಷದಲ್ಲಿ ತಯಾರಾದದ್ದು ಏಳುನೂರು ಚಿಲ್ಲರೆ ಕಾರು, ಅವುಗಳಲ್ಲಿ ಅನೇಕವು ಸೋರಿಕೆಯ ಕಾಟಕ್ಕೆ ಬೇಸತ್ತು ಕಾಯಿಲ್ ಸ್ಪ್ರಿಂಗಿಗೆ ಹೊರಳಿದವು. ನಮ್ಮ ಮಾಲಕರ ನಿರ್ಧಾರವನ್ನು ನಾನು ಹಗುರವಾಗಿ ಕಾಣಲಾರೆ. ಹತ್ತು ಹನ್ನೆರಡು ವರ್ಷ ಹಳೆಯ ಗಾಡಿಗೆ, ಬಿಡಿಭಾಗ ವಾರಗಟ್ಟಲೆ ಬಾರದ ಊರಿನಲ್ಲಿ, ಅದಕ್ಕೊಂದು ಅರ್ಥವಿದೆ. ಆದರೆ ಭಾರಕ್ಕೆ ತಕ್ಕಂತೆ ಎತ್ತರ ಕಾಯ್ದುಕೊಳ್ಳುವ ಗುಣ ಅಲ್ಲಿಗೆ ಹೋಯಿತು. ಕಂಟ್ರೋಲ್ ಯೂನಿಟ್ಟಿಗೆ ಸುಳ್ಳು ಸಂಕೇತ ಕೊಟ್ಟು ದೀಪ ಆರಿಸಬೇಕಾಗುತ್ತದೆ. ಆ ಗಾಡಿಯ ತೂಕಕ್ಕೆಂದೇ ಲೆಕ್ಕ ಹಾಕಿದ ಸ್ಪ್ರಿಂಗ್ ಸಿಗದೆ ಯಾವುದೋ ಹೊಂದಿಸಿದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಅದರ ನಡತೆ ಬದಲಾಗುತ್ತದೆ. ತವಂದಿ ಘಾಟಿನಂಥ ಇಳಿಜಾರಿನಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಒಂದು ಜೋಡಣೆಯ ಸೋರಿಕೆ ಹುಡುಕಲಾರದೆ ಇಡೀ ವ್ಯವಸ್ಥೆ ಕಿತ್ತುಹಾಕುವುದನ್ನಂತೂ ನಾನು ಒಪ್ಪಲಾರೆ.

ಎಲ್ಲಕ್ಕಿಂತ ಗಂಭೀರವಾದ ಲೋಪ ಜೀವಕ್ಕೆ ಸಂಬಂಧಿಸಿದ್ದು. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಹುಡುಗರು ಹಾಗೇ ನುಸುಳುವುದನ್ನು ನಾನು ನೋಡಿದ್ದೇನೆ. ಪೈಪ್ ಬಿಚ್ಚಿದ ಕ್ಷಣದಲ್ಲಿ ಎರಡು ಟನ್ನಿನ ಗಾಡಿ ಕೆಳಗಿಳಿಯುತ್ತದೆ, ಸೂಚನೆ ಕೊಡುವುದಿಲ್ಲ. ಬಸ್ಸಿನಲ್ಲಿ ಗಾಲಿಗೂ ಬಾಡಿಗೂ ನಡುವಿನ ಸಂದಿ ಮುಚ್ಚಿಕೊಳ್ಳಲು ಲೆವೆಲಿಂಗ್ ವಾಲ್ವಿನ ತೋಳಿನ ಒಂದು ಚಲನೆ ಸಾಕು. ಜ್ಯಾಕ್ ಹಾಕುವ ಮೊದಲು ಎತ್ತರ ಸರಿಮಾಡುವುದನ್ನು ನಿಲ್ಲಿಸುವ ಗಾಡಿಯ ಜ್ಯಾಕ್ ಮೋಡ್ ಒತ್ತಬೇಕು, ಸ್ಟ್ಯಾಂಡ್ ಇಡಬೇಕು, ಒತ್ತಡ ಬಿಟ್ಟ ಮೇಲೆಯೇ ಪೈಪಿಗೆ ಸ್ಪ್ಯಾನರ್ ತಾಗಿಸಬೇಕು. ಹೊಸ ಬೆಲ್ಲೊ ಕೂರಿಸಿದ ಮೇಲೆ ಗಾಳಿ ತುಂಬದೆ ಗಾಡಿಯ ಭಾರ ಇಳಿಸಿದರೆ ಮಡಿಕೆ ಅಡ್ಡಾದಿಡ್ಡಿ ಸಿಕ್ಕಿ ಹೊಸದೇ ಹರಿಯುತ್ತದೆ, ಇದೂ ನೆನಪಿರಲಿ.

ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ನಡೆಯುತ್ತಿದೆ, ಮೆಕ್ಯಾನಿಕಲ್ ವಿಭಾಗವಿದೆ. ಗುಜರಿಗೆ ಹೋದ ಗಾಡಿಯ ಒಂದು ಕಾಂಪ್ರೆಸರ್, ವಾಲ್ವ್ ಬ್ಲಾಕ್, ಎರಡು ಬೆಲ್ಲೊ, ಒಂದು ಬಸ್ಸಿನ ಲೆವೆಲಿಂಗ್ ವಾಲ್ವ್ ತಂದು ಬೆಂಚಿನ ಮೇಲೆ ಜೋಡಿಸಿ, ಬೇಕೆಂದೇ ಸೋರಿಕೆ ಮಾಡಿ, ಹುಡುಕಲು ಹೇಳುವುದು ಅಂಥ ಕಾಲೇಜಿಗೆ ಕಷ್ಟದ್ದಲ್ಲ. ಆ ಬೆಂಚಿನ ಮುಂದೆ ವಿದ್ಯಾರ್ಥಿಗಳ ಜೊತೆ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿಯ ಗ್ಯಾರೇಜಿನ ಹುಡುಗರನ್ನೂ ಕೂರಿಸಬೇಕೆಂದು ನನ್ನ ಕಳಕಳಿಯ ವಿನಂತಿ. ಕಲಿಸಲು ಬಸ್ ಡಿಪೋದ ನಿವೃತ್ತ ಫಿಟ್ಟರೊಬ್ಬರನ್ನು ಕರೆಯಿರಿ.

ಗಾಡಿಯ ಮಾಲಕರಿಗೂ ಹೇಳುವುದಿದೆ. ಇಂದು ರಾತ್ರಿ ನಾಲ್ಕೂ ಗಾಲಿಯ ಎತ್ತರ ಅಳೆದು ಬರೆದಿಡಿ, ನಾಳೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಮತ್ತೆ ಅಳೆಯಿರಿ. ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟು, ಗಾಳಿ ಎಲ್ಲಿ ಸೋರುತ್ತಿದೆ ಎಂದು ತೋರಿಸಿದ ಮೇಲೆಯೇ ಹೊಸ ಕಾಂಪ್ರೆಸರಿಗೆ ಹಣ ಕೊಡಿ.